ಹಳೆ ಜೀಪಿನಲ್ಲಿ ‘ಅರ್ತ್’ ಸರಿಯಾದರೆ ‘ಅರ್ಥ’ವೂ ಕೇಳಿಸುತ್ತದೆ

ಕಾಸರಗೋಡು: ಗಡಿನಾಡಿನ ಪೂರ್ವ ಭಾಗದ ಗುಡ್ಡದ ದಾರಿಗಳಿಗೂ ಜೀಪಿಗೂ ಬಿಡಿಸಲಾಗದ ನಂಟು. ಬಸ್ಸು ಹತ್ತದ ಏರು, ಮಳೆಗಾಲದ ಕೆಸರು, ತೋಟದ ಅಂಚಿನ ಕಲ್ಲುದಾರಿ... ಎಲ್ಲದಕ್ಕೂ ಜೀಪೇ ಗತಿ. ಅಡಿಕೆ ಮೂಟೆ ಪೇಟೆಗೆ ಹೋದದ್ದು ಜೀಪಿನಲ್ಲಿ. ಬಾಣಂತಿ, ಮಗು ಮನೆಗೆ ಬಂದದ್ದು ಜೀಪಿನಲ್ಲಿ. ಊರ ಬಯಲಿನಲ್ಲಿ ಆಟ ಇದೆ ಎಂದು ಮೈಕ್ ಕಟ್ಟಿಕೊಂಡು ಸಾರಿದ್ದೂ ಜೀಪೇ. ಆ ಮೈಕಿನ ಕೊಳವೆಗೆ ಮಲಯಾಳದಲ್ಲಿ ‘ಕೋಳಾಂಬಿ’ ಎಂದೇ ಹೆಸರು.

ಅದೇ ಜೀಪಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕಬ್ಬಿಣದ ಪಟ್ಟಿ ಬಿಗಿದು ನೇತುಹಾಕಿದ ಕ್ಯಾಸೆಟ್ ಸೆಟ್ಟೊಂದು ಇರುತ್ತಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಕಾಗದದ ಭಾಷೆ ಬದಲಾಯಿತು, ರಸ್ತೆಬದಿಯ ಬೋರ್ಡು ಬದಲಾಯಿತು. ಗಾಡಿಯೊಳಗಿನ ದನಿ ಮಾತ್ರ ಕನ್ನಡವಾಗಿಯೇ ಉಳಿಯಿತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಒಂದು ಕಡೆ, ತಾಳಮದ್ದಳೆಯ ಕ್ಯಾಸೆಟ್ ಇನ್ನೊಂದು ಕಡೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳುತ್ತಾ ಗುಡ್ಡ ಇಳಿದವರು ಎಷ್ಟು ಮಂದಿ!

ಈಗ ಆ ಹಳೆ ಜೀಪುಗಳಿಗೆ ಮತ್ತೆ ಬಣ್ಣ ಹೊಡೆಸಿ, ಹೊಸ ಹುಡ್ ಹಾಕಿಸಿ ಓಡಿಸುವ ಆಸೆ ಹಲವರಿಗೆ. ಎಂಜಿನ್ ಕೆಲಸ, ಬಾಡಿ ಕೆಲಸ ಮುಗಿದ ಮೇಲೆ ಕೊನೆಗೆ ನೆನಪಾಗುವುದು ಪಾಟು, ಅಂದರೆ ಆಡಿಯೊ. ಎಡವಟ್ಟಾಗುವುದೂ ಅಲ್ಲೇ. ಹಳೆ ಸೆಟ್ಟು ಕಿತ್ತು ಗುಜರಿಗೆ ಹಾಕಿ, ದೊಡ್ಡ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಕೂರಿಸುತ್ತಾರೆ. ಸದ್ದು ಊರಿಗೆಲ್ಲ ಕೇಳಿಸುತ್ತದೆ, ಆದರೆ ಸೀಟಿನಲ್ಲಿ ಕೂತವರಿಗೆ ಮಾತು ಮಾತ್ರ ತಿಳಿಯುವುದಿಲ್ಲ. ಹಳೆ ಜೀಪಿಗೆ ಬೇಕಾದ್ದು ಮಾತು ಸ್ಪಷ್ಟವಾಗಿ ಕೇಳಿಸುವ ವ್ಯವಸ್ಥೆ. ಅದಕ್ಕೆ ಖರ್ಚಿಗಿಂತ ಹೆಚ್ಚು ಬೇಕಾಗುವುದು ತಾಳ್ಮೆ.

ಮೊದಲು ವೋಲ್ಟ್ ನೋಡಿ

ಈಗಿನ ಸೆಟ್ಟುಗಳೆಲ್ಲ 12 ವೋಲ್ಟಿನವು. ಆದರೆ ತೀರಾ ಹಳೆಯ ವಿಲ್ಲಿಸ್ ಜೀಪುಗಳಲ್ಲಿ 6 ವೋಲ್ಟ್ ಇತ್ತು. ಸೈನ್ಯಕ್ಕೆಂದೇ ತಯಾರಾಗಿ ಆಮೇಲೆ ಹರಾಜಿನಲ್ಲಿ ಊರು ಸೇರಿದ ಕೆಲವು ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ. ನೀಲಗಿರಿ, ವಯನಾಡಿನಂಥ ಎಸ್ಟೇಟ್ ಸೀಮೆಯಲ್ಲಿ ಹಳೆಯ ಲ್ಯಾಂಡ್‌ರೋವರ್ ಸಿಕ್ಕಿದವರು ಇನ್ನೊಂದು ವಿಷಯ ನೋಡಲೇಬೇಕು. ಹಳೆಯ ಮಾದರಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಜೋಡಿಸಿರುತ್ತಾರೆ. ಅಂಥ ಗಾಡಿಗೆ ಇಂದಿನ ಸೆಟ್ಟನ್ನು ಹಾಗೆಯೇ ಬಿಗಿದರೆ ಸೆಟ್ಟಿನ ತಗಡು ಬಾಡಿಗೆ ತಾಗಿದ ಕೂಡಲೇ ಶಾರ್ಟ್!

ಮಹೀಂದ್ರಾದ 12 ವೋಲ್ಟಿನ ಡೀಸೆಲ್ ಜೀಪುಗಳಲ್ಲಿ ಈ ಗೋಜು ಇಲ್ಲ. ಅಲ್ಲಿನ ತೊಂದರೆಯೇ ಬೇರೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಹತ್ತಾರು ಕೈ ಬದಲಾಗಿ, ಒಬ್ಬೊಬ್ಬರು ಒಂದೊಂದು ವಯರು ಎಳೆದು, ಟೇಪು ಸುತ್ತಿ ಬಿಟ್ಟಿರುತ್ತಾರೆ. ಹಾರ್ನಿನ ವಯರಿನಿಂದ ಸೆಟ್ಟಿಗೆ ಕರೆಂಟು, ವೈಪರಿನ ವಯರಿನಿಂದ ಫ್ಯಾನಿಗೆ ಕರೆಂಟು. ಇದು ಬರೀ ಸದ್ದಿನ ವಿಷಯವಲ್ಲ, ಗಾಡಿಗೆ ಬೆಂಕಿ ಹತ್ತುವ ದಾರಿಯೂ ಹೌದು.

ಆದ್ದರಿಂದ ಮೊದಲ ಕೆಲಸ, ಬ್ಯಾಟರಿಯಿಂದ ನೇರವಾಗಿ ಸೆಟ್ಟಿಗೇ ಒಂದು ಪ್ರತ್ಯೇಕ ವಯರು. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು. ಸೆಟ್ಟಿನ ಹತ್ತಿರ ಫ್ಯೂಸ್ ಇದೆಯಲ್ಲ, ಸಾಕು ಅಂತ ಬಿಡುವುದು ತಪ್ಪು. ಬಾನೆಟ್ಟಿನೊಳಗೆ ವಯರು ಉಜ್ಜಿ ಬಾಡಿಗೆ ತಾಗಿದರೆ ಆ ಫ್ಯೂಸ್ ಏನೂ ಮಾಡದು. ತಗಡಿನ ತೂತಿನಲ್ಲಿ ವಯರು ಹಾಯುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ಅಲುಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ವಯರು ಬೇಡ, ಶುದ್ಧ ತಾಮ್ರದ್ದೇ ತನ್ನಿ.

ಕುಯ್ಯ್... ಎಂಬ ಸದ್ದು ಎಲ್ಲಿಂದ?

ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಯ್ಯ್ ಎಂಬ ಸದ್ದು ಏರುತ್ತಾ ಹೋದರೆ ಅದು ಆಲ್ಟರ್ನೇಟರ್ ಕಡೆಯಿಂದ ಬರುವ ಸದ್ದು. ‘ಸ್ಪೀಕರ್ ಹೋಗಿದೆ, ಬೇರೆ ಹಾಕಿ’ ಎನ್ನುವವರ ಮಾತು ಕೇಳಿ ದುಡ್ಡು ಕಳೆದುಕೊಳ್ಳಬೇಡಿ. ಹತ್ತರಲ್ಲಿ ಹೆಚ್ಚು ಪಾಲು ಕಾರಣ ಅರ್ತ್, ಅಂದರೆ ಮೈನಸ್ ವಯರಿನ ಜೋಡಣೆ. ಕಾಸರಗೋಡಿನ ಮಳೆಯಲ್ಲಿ ನೆನೆದ ಜೀಪಿನ ಬಾಡಿಯಲ್ಲಿ ಬಣ್ಣದ ಅಡಿ ತುಕ್ಕು ಇದ್ದೇ ಇರುತ್ತದೆ. ಬಣ್ಣದ ಮೇಲೆ ಸ್ಕ್ರೂ ಬಿಗಿದರೆ ಅರ್ತ್ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದು ಸೆಟ್ಟಿನ ತಗಡಿಗೆ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ, ಸೆಟ್ಟು ಹಾಡುತ್ತಿರಲಿ. ಮೀಟರ್ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಛಾಸಿಗೆ ಹೋಗುವ ದಪ್ಪ ಪಟ್ಟಿಗಳನ್ನು ಬಿಚ್ಚಿ, ತಗಡು ಹೊಳೆಯುವ ತನಕ ಎಮರಿ ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಸೆಟ್ಟು, ಆಂಪ್ಲಿಫೈಯರ್ ಎರಡಕ್ಕೂ ಅರ್ತ್ ಒಂದೇ ಜಾಗದಿಂದ ಇರಲಿ. ಬೇರೆ ಬೇರೆ ಕಡೆ ಕೊಟ್ಟರೆ ಎರಡರ ನಡುವಿನ ವ್ಯತ್ಯಾಸವೇ ಸದ್ದಾಗಿ ಕೇಳಿಸುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಟಕಟಕ ಸದ್ದಿನ ಕಾಟ ಕಡಿಮೆ. ಪೆಟ್ರೋಲ್ ಜೀಪಾದರೆ ರೆಸಿಸ್ಟರ್ ಇರುವ ಪ್ಲಗ್ ಹಾಕಿಸಿದರೆ ರೇಡಿಯೊ ಎಷ್ಟೋ ತಿಳಿಯಾಗುತ್ತದೆ.

ಹಳೆ ಸೆಟ್ಟು ಎಸೆಯುವ ಮೊದಲು

ಕ್ಯಾಸೆಟ್ ಸೆಟ್ಟು ‘ಸತ್ತಿದೆ’ ಎನ್ನುವಾಗ ನಿಜವಾಗಿ ಸತ್ತಿರುವುದು ಹೆಚ್ಚಾಗಿ ಒಳಗಿನ ರಬ್ಬರ್ ಬೆಲ್ಟ್. ವರ್ಷ ಕಳೆದಂತೆ ಅದು ಸಡಿಲವಾಗುತ್ತದೆ, ಕೆಲವೊಮ್ಮೆ ಟಾರಿನ ಹಾಗೆ ಕರಗಿ ಅಂಟುತ್ತದೆ. ಅದನ್ನು ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು ಅದೇ ಅಳತೆಯ ಬೆಲ್ಟ್ ಹಾಕಬೇಕು. ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಹತ್ತಿಯಿಂದ ಶುಚಿ ಮಾಡಬೇಕು. ದನಿ ಮಂದವಾಗಿ, ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಕೇಳಿಸಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಒಂದಿಷ್ಟು ತಿರುಗಿಸಿ ಓರೆ ಸರಿಮಾಡಬೇಕಾಗುತ್ತದೆ. ಒಳಗಿನ ಕೆಪಾಸಿಟರುಗಳು ಒಣಗಿದ್ದರೆ ಹಂ ಎಂಬ ಸದ್ದು ಬರುತ್ತದೆ. ಅವನ್ನು ಬದಲಿಸಲು ರೇಡಿಯೊ ರಿಪೇರಿ ಬಲ್ಲವರು ಸಾಕು, ದೊಡ್ಡ ಕಂಪೆನಿಯೇ ಬೇಕೆಂದಿಲ್ಲ.

ಮೊಬೈಲಿನ ಹಾಡೂ ಬೇಕಲ್ಲ ಎನ್ನುವ ಮಕ್ಕಳಿಗೂ ದಾರಿ ಉಂಟು. ಕ್ಯಾಸೆಟ್ಟಿನ ಆಕಾರದ ಅಡಾಪ್ಟರ್ ಒಳಗೆ ತಳ್ಳಿದರೆ ಮೊಬೈಲ್ ಹಾಡು ಹಳೆ ಸೆಟ್ಟಿನಲ್ಲೇ ಬರುತ್ತದೆ. ಬ್ಲೂಟೂತ್ ಇರುವ ಪುಟ್ಟ ಆಂಪ್ಲಿಫೈಯರನ್ನು ಮರೆಯಲ್ಲಿ ಕೂರಿಸಿ, ಡ್ಯಾಶ್‌ಬೋರ್ಡಿನ ಚಹರೆ ಹಳೆಯದೇ ಉಳಿಸಿಕೊಳ್ಳುವುದು ಇನ್ನೊಂದು ದಾರಿ.

ಹೊಸ ಸೆಟ್ಟೇ ಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಹಳೆ ಜೀಪುಗಳಲ್ಲಿ ಸ್ಪೀಕರಿಗೆ ಒಂದೇ ವಯರು ಎಳೆದು, ಇನ್ನೊಂದು ತುದಿಯನ್ನು ಬಾಡಿಗೆ ಕೊಟ್ಟಿರುವುದುಂಟು. ಇಂದಿನ ಸೆಟ್ಟಿನ ಸ್ಪೀಕರ್ ವಯರುಗಳಲ್ಲಿ ಯಾವುದೂ ಬಾಡಿಗೆ ತಾಗಬಾರದು. ತಾಗಿದರೆ ಒಳಗಿನ ಐಸಿ ಸುಟ್ಟುಹೋಗಬಹುದು. ಪ್ರತಿ ಸ್ಪೀಕರಿಗೂ ಎರಡೆರಡು ವಯರು ಹೊಸದಾಗಿ ಎಳೆಸಿ.

ಕ್ಯಾಸೆಟ್ ಹೋದರೆ ಮತ್ತೆ ಸಿಗದು

ಸೆಟ್ಟು ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಜಗಲಿಯಲ್ಲಿ ನಡೆದ ತಾಳಮದ್ದಳೆ, ಅಜ್ಜಿ ಹೇಳಿದ ಶೋಭಾನೆ, ಊರಿನ ಭಾಗವತರು ಹಾಡಿದ ಪದ... ಇವುಗಳ ಕ್ಯಾಸೆಟ್ ಹೋದರೆ ಮತ್ತೆ ಸಿಗದು. ಜೀಪಿನ ಗ್ಲೋವ್ ಬಾಕ್ಸಿನಲ್ಲಿ ಬಿಸಿಲಿಗೆ, ತೇವಕ್ಕೆ ಬಿದ್ದ ಕ್ಯಾಸೆಟ್ ಹಾಳಾಗಲು ಹೆಚ್ಚು ಕಾಲ ಬೇಡ. ಕಿಟಕಿಯಂಥ ಭಾಗದಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಯಾವ ಸೆಟ್ಟಿಗೂ ತಳ್ಳಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಟೇಪಿನ ಹಿಂದಿರುವ ಪುಟ್ಟ ಸ್ಪಂಜು ಬಿದ್ದಿದ್ದರೆ ಬೇರೆ ಖಾಲಿ ಕ್ಯಾಸೆಟ್ಟಿನಿಂದ ತೆಗೆದು ಹಾಕಬಹುದು. ಮನೆಯ ಒಳ್ಳೆ ಡೆಕ್ಕಿನಲ್ಲಿ ಒಮ್ಮೆ ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ, ಬಳಿಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಕೂರಲೇಬೇಕು, ಅಡ್ಡದಾರಿ ಇಲ್ಲ. ಯಾವ ಪ್ರಸಂಗ, ಯಾರ ಮನೆ, ಯಾವ ವರ್ಷ, ಯಾರ ದನಿ ಎಂದು ಅಲ್ಲೇ ಬರೆದಿಡಿ. ಜೀಪಿನಲ್ಲಿ ಕೇಳಲು ನಕಲು ಸಾಕು, ಮೂಲ ಕ್ಯಾಸೆಟ್ ಮನೆಯಲ್ಲಿ ಒಣ ಜಾಗದಲ್ಲಿರಲಿ.

ಸ್ಪೀಕರ್ ಆಯ್ಕೆ: ವ್ಯಾಟ್ ನಂಬಬೇಡಿ

ಸೆಟ್ಟಿನ ಡಬ್ಬದ ಮೇಲೆ ‘50 ವ್ಯಾಟ್ × 4’ ಎಂದು ದಪ್ಪ ಅಕ್ಷರದಲ್ಲಿರುತ್ತದೆ. 12 ವೋಲ್ಟಿನ ಗಾಡಿಯಲ್ಲಿ ಸೆಟ್ಟೊಂದೇ ಎಡೆಬಿಡದೆ ಕೊಡಬಲ್ಲದ್ದು ಪ್ರತಿ ಸ್ಪೀಕರಿಗೆ ಸುಮಾರು 20 ವ್ಯಾಟ್ ಅಷ್ಟೆ. ಹಾಗಾದರೆ ಡೀಸೆಲ್ ಎಂಜಿನ್ನಿನ ಅಬ್ಬರದ ನಡುವೆ ಕೇಳಿಸುವುದು ಹೇಗೆ? ಉತ್ತರ ಸ್ಪೀಕರಿನ ‘ಸೆನ್ಸಿಟಿವಿಟಿ’ಯಲ್ಲಿದೆ. ಡಬ್ಬದ ಬದಿಯಲ್ಲಿ ಡೆಸಿಬಲ್ ಎಂದು ಬರೆದಿರುವ ಅಂಕಿ ನೋಡಿ. 86 ಡೆಸಿಬಲ್‌ನ ಸ್ಪೀಕರಿಗೆ 80 ವ್ಯಾಟ್ ಕೊಟ್ಟರೆ ಬರುವಷ್ಟೇ ಸದ್ದು 92 ಡೆಸಿಬಲ್‌ನದ್ದರಲ್ಲಿ 20 ವ್ಯಾಟಿಗೇ ಬರುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಬೇಕಾಗುವ ವ್ಯಾಟ್ ಅರ್ಧಕ್ಕರ್ಧ ಇಳಿಯುತ್ತದೆ ಎಂಬ ಸರಳ ಲೆಕ್ಕ ಇದು.

ಕಾಗದದ ಕೋನಿನ ಸ್ಪೀಕರ್ ನಮ್ಮ ಮಳೆಗಾಲಕ್ಕೆ ಬಾಳುವುದಿಲ್ಲ. ಪಾಲಿಪ್ರೊಪಿಲೀನ್ ಕೋನು, ರಬ್ಬರ್ ಅಂಚು ಇರುವುದನ್ನು ಆರಿಸಿ. ದೋಣಿಗಳಿಗೆಂದು ಮಾಡಿದ ಸ್ಪೀಕರುಗಳೂ ತೆರೆದ ಜೀಪಿಗೆ ಒಪ್ಪುತ್ತವೆ. ಸ್ಪೀಕರನ್ನು ಸುಮ್ಮನೆ ತಗಡಿಗೆ ಬಿಗಿದರೆ ಹಿಂದಿನ ಸದ್ದು ಮುಂದಿನ ಸದ್ದನ್ನು ತಿಂದುಹಾಕಿ ಬೇಸ್ ಇಲ್ಲವಾಗುತ್ತದೆ. ಹಿಂಬದಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ, ಕಿವಿಯ ಕಡೆಗೆ ತಿರುಗಿಸಿದರೆ ಮಾತೂ ತಿಳಿಯುತ್ತದೆ, ಮದ್ದಳೆಯೂ ತಿಳಿಯುತ್ತದೆ. ಎರಡೂ ಸ್ಪೀಕರಿನ ಪ್ಲಸ್–ಮೈನಸ್ ಸರಿಯಿದೆಯೇ ಎಂದು ತಿಳಿಯಲು 1.5 ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ ನೋಡಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್ಸಿಗೆ ತಾಗಿದಾಗ ಕೋನು ಹೊರಕ್ಕೆ ಬರಬೇಕು.

ಆಂಪ್ಲಿಫೈಯರ್ ಬೇಕೇ ಬೇಕು ಎಂದಾದರೆ ಕರೆಂಟಿನ ಲೆಕ್ಕ ಹಾಕಿ. ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್ ನಿಜವಾಗಿ ಕೊಡುವ ಕ್ಲಾಸ್–ಡಿ ಆಂಪ್ಲಿಫೈಯರ್ ಪೂರ್ತಿ ಜೋರಿನಲ್ಲಿ ಸುಮಾರು 18 ಆಂಪಿಯರ್ ಎಳೆಯುತ್ತದೆ. 60 ವ್ಯಾಟಿನ ಎರಡು ಹೆಡ್‌ಲೈಟ್ ಎಳೆಯುವುದೇ ಸುಮಾರು 10 ಆಂಪಿಯರ್. ಹಳೆ ಡೈನಮೋ ಇದ್ದ ಜೀಪಿಗೆ ಇದು ಭಾರವೇ. ರಾತ್ರಿ ಮಳೆಯಲ್ಲಿ ಲೈಟು, ವೈಪರು, ಹಾಡು ಮೂರೂ ಇದ್ದರೆ ಬೆಳಿಗ್ಗೆ ಗಾಡಿ ತಳ್ಳಬೇಕಾದೀತು!

ಕೂರಿಸುವ ಜಾಗದ ಬಗ್ಗೆಯೂ ಒಂದು ಮಾತು. ವಿಲ್ಲಿಸ್ ಮಾದರಿಯ ಹಳೆ ಜೀಪುಗಳಲ್ಲಿ ಡ್ರೈವರ್ ಸೀಟಿನ ಅಡಿಯಲ್ಲೇ ಇಂಧನದ ಟ್ಯಾಂಕಿ ಇರುತ್ತದೆ. ನೋಡದೆ ಡ್ರಿಲ್ ಹಾಕಬೇಡಿ.

ಕಣಿವೆಯಲ್ಲಿ ರೇಡಿಯೊ

ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬಂದರೆ ದನಿ ಕಡಿಯುತ್ತದೆ. ಮೀಡಿಯಂ ವೇವ್ ಅಲೆ ನೆಲಕ್ಕಂಟಿ ಸಾಗುವುದರಿಂದ ಕಣಿವೆಗೂ ಇಳಿಯುತ್ತಿತ್ತು. ಈಗ ಹೆಚ್ಚಿನವರು ಕೇಳುವುದು ಎಫ್‌ಎಂ. ಹಾಗಾಗಿ ಆಂಟೆನಾ ಸರಿಯಿರಬೇಕು. ಸುಮಾರು 75 ಸೆಂಟಿಮೀಟರ್ ಉದ್ದದ ಕಂಬಿ ಎಫ್‌ಎಂಗೆ ಹಿತ. ಅದರ ಬುಡ ತುಕ್ಕಿಲ್ಲದ ತಗಡಿಗೆ ತಾಗಿರಬೇಕು. ಇಲ್ಲಿಯೂ ಮತ್ತೆ ಅರ್ತ್‌ನದ್ದೇ ಮಾತು!

ಜೋರು ಎಷ್ಟು?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಬಾಡಿ ಕತ್ತರಿಸಿ ದೊಡ್ಡ ಬಾಕ್ಸ್ ಕೂರಿಸುವ ಮೊದಲು ಇದು ನೆನಪಿರಲಿ. ಖಾಸಗಿ ವಾಹನಕ್ಕೆ 15 ವರ್ಷದ ಬಳಿಕ ತಪಾಸಣೆಯಾಗಿ ನೋಂದಣಿ ನವೀಕರಣವಾಗಬೇಕು. ಆಗ ಜೋತಾಡುವ ವಯರುಗಳೂ ಪ್ರಶ್ನೆಯಾಗುತ್ತವೆ. ಮೈಕ್ ಕಟ್ಟಿ ಸಾರುವುದಾದರೆ 2000ದ ಶಬ್ದಮಾಲಿನ್ಯ ನಿಯಮದಂತೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿಷೇಧ.

ಕಿವಿಗೂ ಮಿತಿ ಇದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂಬುದು ತಜ್ಞರ ಲೆಕ್ಕ. 88ಕ್ಕೆ ಏರಿದರೆ 4 ಗಂಟೆ, 91 ಆದರೆ 2 ಗಂಟೆ ಮಾತ್ರ. ಎಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವ ಬದಲು ಸಡಿಲ ಬೋಲ್ಟು ಬಿಗಿಸಿ, ಸವೆದ ಎಂಜಿನ್ ಮೌಂಟ್ ಬದಲಿಸಿ, ಸೈಲೆನ್ಸರಿನ ತೂತು ಮುಚ್ಚಿಸಿ. ಗಾಡಿಯ ಗಲಾಟೆ ಇಳಿದಷ್ಟೂ ಸ್ಪೀಕರಿಗೆ ಕೆಲಸ ಕಡಿಮೆ. ನೆಲಕ್ಕೆ ಸದ್ದು ತಡೆಯುವ ಹಾಳೆ ಅಂಟಿಸುವವರು ಮೊದಲು ತುಕ್ಕು ತೆಗೆಸಿ, ನೀರು ಇಳಿಯುವ ತೂತು ಮುಚ್ಚದಂತೆ ನೋಡಿಕೊಳ್ಳಬೇಕು. ಹಾಳೆಯ ಅಡಿ ನೀರು ನಿಂತರೆ ಎರಡು ಮಳೆಗಾಲದಲ್ಲಿ ನೆಲವೇ ಉದುರೀತು.

ಕೆಲಸದ ಕ್ರಮ ಇಷ್ಟೇ: ಮೊದಲು ಕ್ಯಾಸೆಟ್ ಉಳಿಸಿ, ಬಳಿಕ ವಯರು ಮತ್ತು ಅರ್ತ್, ಆಮೇಲೆ ಗಾಡಿಯ ಸದ್ದು, ಅದಾದ ಮೇಲೆ ಸ್ಪೀಕರ್. ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮದಲ್ಲಿ ಹೋದರೆ ಹೆಚ್ಚಿನವರಿಗೆ ಕೊನೆಯದು ಬೇಕಾಗುವುದೇ ಇಲ್ಲ. ಪೇಟೆಯಿಂದ ತೋಟದ ಮನೆಗೆ ಹೋಗುವ ಅರ್ಧ ಗಂಟೆಯ ದಾರಿಯಲ್ಲಿ, ಹಿಂದಿನ ಸೀಟಿನ ಮಲಯಾಳ ಶಾಲೆಯ ಮಗುವಿಗೂ ಒಂದು ಸಂಧಿಯ ಅರ್ಥ ಸ್ಪಷ್ಟವಾಗಿ ಕಿವಿಗೆ ಬಿದ್ದರೆ ಹಳೆ ಜೀಪಿಗೆ ಸುರಿದ ದುಡ್ಡು ಸಾರ್ಥಕ.