ಚಡಪಡಿಕೆ ಎಲ್ಲಿಗೆ ಹೋಗುತ್ತದೆ?

ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಎಂದು ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಟ್ಟ ದಿನ ನಂತೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಂದೇ ಸದ್ದು ಕೇಳುತ್ತದೆ. ಮಕ್ಕಳು ಸೋಫಾದಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ ಹಾರುತ್ತಿರುತ್ತಾರೆ. ಕದ್ರಿ ಪಾರ್ಕು ಹತ್ತಿರವೇ ಇದೆ, ಆದರೆ ಆ ಮಳೆಯಲ್ಲಿ ಹೋಗುವುದು ಹೇಗೆ? ಜಂಕ್ಷನ್ನಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ವಾಹನಗಳು ಹಾರ್ನ್ ಹೊಡೆಯುತ್ತ ನಿಂತಿರುವಾಗ ಅದನ್ನು ದಾಟಿಸಿ ಮಕ್ಕಳನ್ನು ಕರೆದೊಯ್ಯುವ ಧೈರ್ಯ ಯಾರಿಗೂ ಬರುವುದಿಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಿಂದೆ ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತವರು ಚೆನ್ನೆಮಣೆ ಆಡುತ್ತಿದ್ದರು. ಅದಕ್ಕೂ ಮೊದಲು ಗದ್ದೆಯ ಕೆಲಸದಲ್ಲಿ ಅವರ ಮೈ ದಣಿದಿರುತ್ತಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಇಂದಿನ ಮಕ್ಕಳ ಮೈ ದಣಿದಿಲ್ಲ.

ದೊಡ್ಡವರ ಪಾಡೂ ಬೇರೆಯಲ್ಲ. ಸಿಇಟಿ, ನೀಟ್ ಎಂದು ಓದುತ್ತಿರುವ ಹುಡುಗನ ಬಲಗಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿರುತ್ತದೆ, ಅಜ್ಜಿ ‘ಕಾಲು ಅಲ್ಲಾಡಿಸಬೇಡ’ ಎಂದು ಗದರುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ಅಪ್ಪ ಮೀಟಿಂಗಿಗೆ ಮೊದಲು ಹಾಲ್‌ನಲ್ಲಿ ಆಚೆ ಈಚೆ ತಿರುಗುತ್ತಾನೆ. ಇಂಥ ಮನೆಗಳಿಗೆ ಈಗ ಮಿನಿ ಟ್ರ್ಯಾಂಪೊಲಿನ್ ಎಂಬ ಜಿಗಿಯುವ ಚಾಪೆ ಬರುತ್ತಿದೆ. ಸುಮಾರು ಒಂದು ಮೀಟರ್ ವ್ಯಾಸ, ನೆಲದಿಂದ ಒಂದು ಗೇಣು ಎತ್ತರ, ಸುತ್ತ ಸ್ಪ್ರಿಂಗು ಇಲ್ಲವೇ ರಬ್ಬರ್ ಹಗ್ಗ. ಮಾರುವವರು ‘ಒಳಗಿನ ಟೆನ್ಷನ್ ಹೊರಗೆ ಹಾಕಿ’ ಎನ್ನುತ್ತಾರೆ. ಟೆನ್ಷನ್ ನಿಜಕ್ಕೂ ಹೊರಗೆ ಹೋಗುತ್ತದೆಯೆ?

ಮೊದಲು ಆ ಚಡಪಡಿಕೆ ಏನೆಂದು ನೋಡೋಣ. ಅದು ಕಲ್ಪನೆಯಲ್ಲ, ರಕ್ತದಲ್ಲಿ ಅಳೆಯಬಹುದಾದ ಸಂಗತಿ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಭಯ ಮತ್ತು ಕೋಪದ ಹೊತ್ತಿನಲ್ಲಿ ಪ್ರಾಣಿಯ ದೇಹ ಹೋರಾಟಕ್ಕೋ ಓಟಕ್ಕೋ ಹೇಗೆ ಸಜ್ಜಾಗುತ್ತದೆ ಎಂದು ವಿವರಿಸಿದರು. ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ಜೀರ್ಣಾಂಗಗಳಿಂದ ರಕ್ತ ಸ್ನಾಯುಗಳ ಕಡೆಗೆ ತಿರುಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಎದುರಾದರೆ ಇದೆಲ್ಲ ಬೇಕು. ನಮ್ಮ ಎದುರಿಗಿರುವುದು ಅಣಕು ಪರೀಕ್ಷೆಯ ಅಂಕಪಟ್ಟಿ. ದೇಹ ಸಜ್ಜಾಗಿದೆ, ಮಾಡುವ ಕೆಲಸ ಮಾತ್ರ ಇಲ್ಲ. ಕುಣಿಯುವ ಆ ಕಾಲು ಇದರ ಒಂದು ಗುರುತು.

ಅಂದಹಾಗೆ ಅಜ್ಜಿಯ ಗದರಿಕೆಗೆ ವಿಜ್ಞಾನದ ಬೆಂಬಲ ಸಿಕ್ಕಿಲ್ಲ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಹನ್ನೊಂದು ಆರೋಗ್ಯವಂತ ಯುವಜನರನ್ನು ಮೂರು ಗಂಟೆ ಕೂರಿಸಿ, ಒಂದು ಕಾಲನ್ನು ಮಾತ್ರ ಆಗಾಗ ಕುಣಿಸಲು ಹೇಳಿದರು. ಕುಣಿದ ಕಾಲಿನ ರಕ್ತನಾಳ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಸುಮ್ಮನಿದ್ದ ಕಾಲಿನದು ಮಂಕಾಗಿತ್ತು.

ಇನ್ನು ‘ಹೊರಗೆ ಹಾಕುವ’ ಮಾತು. ಮನಸ್ಸನ್ನು ನಾವೆಲ್ಲ ಪ್ರೆಶರ್ ಕುಕ್ಕರಿನಂತೆ ಕಲ್ಪಿಸಿಕೊಂಡಿದ್ದೇವೆ, ಸೀಟಿ ಹೊಡೆಸಿ ಆವಿ ಬಿಟ್ಟರೆ ಒತ್ತಡ ಇಳಿಯುತ್ತದೆ ಎಂದು. ಈ ಕಲ್ಪನೆ ತಪ್ಪು, ಅದನ್ನು ನಂಬಿ ಟ್ರ್ಯಾಂಪೊಲಿನ್ ಹತ್ತಿದರೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚಾಗಬಹುದು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಆರುನೂರು ಕಾಲೇಜು ವಿದ್ಯಾರ್ಥಿಗಳಿಗೆ ಬೇಕೆಂದೇ ಸಿಟ್ಟು ಬರಿಸಿದರು. ಕೆಲವರು ಸಿಟ್ಟು ತರಿಸಿದವನನ್ನು ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದರು, ಕೆಲವರು ವ್ಯಾಯಾಮವೆಂದು ಗುದ್ದಿದರು, ಉಳಿದವರು ಸುಮ್ಮನೆ ಕೂತರು. ನೆನೆದು ಗುದ್ದಿದವರ ಸಿಟ್ಟೇ ಎಲ್ಲರಿಗಿಂತ ಹೆಚ್ಚು ಉಳಿದಿತ್ತು. ಸುಮ್ಮನೆ ಕೂತವರಲ್ಲಿ ಆಕ್ರಮಣದ ಪ್ರವೃತ್ತಿ ಎಲ್ಲರಿಗಿಂತ ಕಡಿಮೆ ಇತ್ತು. ಬುಷ್‌ಮನ್ ಅವರೇ ಸಹೋದ್ಯೋಗಿಯೊಂದಿಗೆ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೈಯನ್ನು ಮತ್ತಷ್ಟು ಕೆರಳಿಸುವ ಚಟುವಟಿಕೆಗಳಿಂದ ಕೋಪ ತಗ್ಗುವುದಿಲ್ಲ ಎಂಬುದೇ ಕಂಡಿತು. ಜಾಗಿಂಗ್ ಕೋಪವನ್ನು ಹೆಚ್ಚಿಸಿತ್ತು, ಚೆಂಡಾಟದಂಥ ಆಟಗಳು ತಗ್ಗಿಸಿದ್ದವು. ಹಾಗಾಗಿ ಜಗಳದ ನಡುವೆ ಎದ್ದುಹೋಗಿ ಧಡಧಡ ಜಿಗಿಯುವುದರಿಂದ ಏನೂ ಸಿಗದು.

ಆದರೆ ಆತಂಕದ ಕತೆ ಕೋಪದ ಕತೆಯಂಥದಲ್ಲ. ವ್ಯಾಯಾಮದಿಂದ ಆತಂಕ ಇಳಿಯುತ್ತದೆ ಎಂಬುದಕ್ಕೆ ದಶಕಗಳ ಪುರಾವೆ ಇದೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಹರ್ಬರ್ಟ್ ಡಿವ್ರೀಸ್ ಮತ್ತು ಅವರ ಸಹೋದ್ಯೋಗಿ 1972ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ. ಆತಂಕದ ಲಕ್ಷಣಗಳಿದ್ದ ಕೆಲವು ಹಿರಿಯರನ್ನು ಹದಿನೈದು ನಿಮಿಷ ನಡೆಸಿದರು. ನಡಿಗೆಯ ವೇಗ ಹೃದಯ ನಿಮಿಷಕ್ಕೆ ನೂರು ಸಲ ಬಡಿಯುವಷ್ಟು, ಅಷ್ಟೇ. ಬೇರೆ ದಿನ ಅವರಿಗೇ ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ ಮೆಪ್ರೊಬಮೇಟ್ ಎಂಬ ಶಮನಕಾರಿ ಗುಳಿಗೆ ಕೊಟ್ಟರು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಗುಳಿಗೆಯ ಒಂದು ಡೋಸಿಗಿಂತ ಆ ಸಾಧಾರಣ ನಡಿಗೆಯೇ ಸ್ನಾಯುಗಳನ್ನು ಹೆಚ್ಚು ಸಡಿಲಿಸಿತ್ತು. ಅದಕ್ಕಾಗಿ ಯಾರೂ ಬೆವರು ಹರಿಸಿ ಸುಸ್ತಾಗಬೇಕಾಗಿರಲಿಲ್ಲ.

ಅಲ್ಲಿ ಹೊರಗೆ ಹೋದದ್ದು ಏನೂ ಇಲ್ಲ. ರಕ್ತಕ್ಕೆ ಬಂದ ಸಕ್ಕರೆಯನ್ನು ಸ್ನಾಯು ಬಳಸಿತು, ಸಜ್ಜಾದ ದೇಹಕ್ಕೆ ತಕ್ಕ ಕೆಲಸ ಸಿಕ್ಕಿತು, ಕೆಲಸ ಮುಗಿದಾಗ ನರಮಂಡಲದ ಇನ್ನೊಂದು ಶಾಖೆ, ಪ್ಯಾರಾಸಿಂಪಥೆಟಿಕ್ ನರಗಳು, ಹೃದಯವನ್ನು ಮತ್ತೆ ನಿಧಾನಕ್ಕೆ ತಂದವು. ಮಿದುಳಿನೊಳಗೆ ರಾಸಾಯನಿಕ ಬದಲಾವಣೆಗಳೂ ಆಗುತ್ತವೆ. ಜರ್ಮನಿಯ ಸಂಶೋಧಕರು 2015ರಲ್ಲಿ ಚಿಟ್ಟಿಲಿಗಳನ್ನು ಚಕ್ರದಲ್ಲಿ ಓಡಿಸಿ ನೋಡಿದರು. ಓಟದ ಬಳಿಕ ಅವುಗಳ ಆತಂಕ ಕಡಿಮೆಯಾಗಿತ್ತು. ಅದಕ್ಕೆ ಕಾರಣ ನಾವೆಲ್ಲ ಹೆಸರು ಹೇಳುವ ಎಂಡಾರ್ಫಿನ್ ಆಗಿರಲಿಲ್ಲ, ದೇಹವೇ ತಯಾರಿಸುವ ಎಂಡೊಕ್ಯಾನಬಿನಾಯ್ಡ್‌ಗಳಾಗಿದ್ದವು. ಅವು ಅಂಟುವ ಗ್ರಾಹಕಗಳನ್ನು ಮುಚ್ಚಿದಾಗ ಆ ನೆಮ್ಮದಿ ಕಾಣಲಿಲ್ಲ.

ನಡೆದರೂ ಸಾಕು ಎಂದಾದರೆ ಜಿಗಿಯುವ ಚಾಪೆ ಯಾಕೆ? ಮಳೆ ಸುರಿಯುವಾಗ ನಡೆಯಲು ಜಾಗವಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಚಾಪೆಯ ಭೌತವಿಜ್ಞಾನದಲ್ಲಿದೆ.

ಐವತ್ತು ಕಿಲೋ ತೂಕದವರು ಸುಮ್ಮನೆ ನಿಂತಾಗ ಚಾಪೆ 6 ಸೆಂಟಿಮೀಟರ್ ತಗ್ಗಿತು ಎನ್ನೋಣ. ಸ್ಪ್ರಿಂಗಿನ ನಿಯಮ ಗೊತ್ತಿದ್ದರೆ ಇದೊಂದು ಅಂಕಿಯಿಂದಲೇ ಚಾಪೆಯ ತಾಳವನ್ನು ಲೆಕ್ಕ ಹಾಕಬಹುದು. ಕಾಲನ್ನು ಚಾಪೆಯಿಂದ ಎತ್ತದೆ ಮೇಲೆ ಕೆಳಗೆ ತೂಗಿದರೆ ನಿಮಿಷಕ್ಕೆ ಸುಮಾರು 120 ಸಲ. ಅದಕ್ಕಿಂತ ಅವಸರ ಮಾಡಲು ಹೋದರೆ ಚಾಪೆ ಒಪ್ಪುವುದಿಲ್ಲ, ಹೆಜ್ಜೆ ತಪ್ಪುತ್ತದೆ. ಇಪ್ಪತ್ತೈದು ಕಿಲೋದ ಮಗು ಅದೇ ಚಾಪೆಯಲ್ಲಿ 3 ಸೆಂಟಿಮೀಟರ್ ಮಾತ್ರ ತಗ್ಗುತ್ತದೆ, ಅದರ ತಾಳ ನಿಮಿಷಕ್ಕೆ 170ರ ಆಸುಪಾಸು. ತಳಮಳಗೊಂಡ ಮನಸ್ಸಿನ ಓಟಕ್ಕೆ ಹೊರಗಿನಿಂದ ಒಂದು ಲಯ ಸಿಗುವುದು ಹೀಗೆ. ಓಡುವವರ ಉಸಿರು ಅವರ ಹೆಜ್ಜೆಯ ಲಯಕ್ಕೆ ಜೋಡಿಕೊಳ್ಳುತ್ತದೆ ಎಂದು ಬ್ರಾಂಬಲ್ ಮತ್ತು ಕ್ಯಾರಿಯರ್ ಎಂಬ ವಿಜ್ಞಾನಿಗಳು 1983ರಲ್ಲಿ ತೋರಿಸಿದ್ದರು. ಚಾಪೆಯ ಮೇಲೂ ಉಸಿರನ್ನು ಹಾಗೆ ಜೋಡಿಸಿಕೊಳ್ಳಬಹುದು: ನಾಲ್ಕು ತೂಗಿಗೆ ಉಸಿರು ಒಳಕ್ಕೆ, ಮತ್ತೆ ನಾಲ್ಕಕ್ಕೆ ಹೊರಕ್ಕೆ.

ಈಗ ಅದೇ ಐವತ್ತು ಕಿಲೋದವರು ಚಾಪೆಯಿಂದ 12 ಸೆಂಟಿಮೀಟರ್ ಮೇಲಕ್ಕೆ ಹಾರಲಿ. ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಅವರಿಗೆ ತೂಕವೇ ಇಲ್ಲ. ಇಳಿದಾಗ ಚಾಪೆ 19 ಸೆಂಟಿಮೀಟರ್‌ವರೆಗೆ ತಗ್ಗುತ್ತದೆ, ಆ ತಳದ ಕ್ಷಣದಲ್ಲಿ ಅವರ ತೂಕದ ಮೂರು ಪಟ್ಟಿಗಿಂತ ತುಸು ಹೆಚ್ಚು ಬಲ ಪಾದಗಳನ್ನು ಮೇಲಕ್ಕೆ ನೂಕುತ್ತದೆ. ತೆಂಕುತಿಟ್ಟು ಯಕ್ಷಗಾನದ ವೇಷಧಾರಿ ದಿಗಿಣ ಹಾರಿ ರಂಗಸ್ಥಳಕ್ಕೆ ಇಳಿಯುವಾಗ ಆ ಹೊಡೆತವನ್ನೆಲ್ಲ ಅವರ ತೊಡೆ, ಮೊಣಕಾಲು, ಹಿಮ್ಮಡಿಗಳೇ ನುಂಗಬೇಕು. ಚಾಪೆಯಲ್ಲಿ ಸ್ಪ್ರಿಂಗು ಅದರ ಪಾಲು ಹೊರುತ್ತದೆ. ಆದರೆ ಚಾಪೆ ಇರುವುದೇ ಒಂದು ಗೇಣು ಎತ್ತರದಲ್ಲಿ, ಅಂದರೆ 22–23 ಸೆಂಟಿಮೀಟರ್. ಇನ್ನು ನಾಲ್ಕು ಬೆರಳು ಎತ್ತರ ಹಾರಿದರೆ ಪಾದ ನೆಲಕ್ಕೆ ಬಡಿಯುತ್ತದೆ. ಮಿನಿ ಟ್ರ್ಯಾಂಪೊಲಿನ್ ಎತ್ತರಕ್ಕೆ ಹಾರುವ ಸಾಧನವೇ ಅಲ್ಲ, ತೂಗಿಕೊಳ್ಳುವ ಸಾಧನ.

ಈ ಏರಿಳಿತದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಒಳಕಿವಿ. ಅಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗೆ ಲೋಳೆಯಂಥ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಕೂತಿರುತ್ತವೆ, ಮರುವಾಯಿ ಚಿಪ್ಪು ಯಾವ ಲವಣದಿಂದ ಆಗಿದೆಯೋ ಅದೇ ಲವಣ. ದೇಹ ಮೇಲೆ ಕೆಳಗೆ ಹೋದಾಗ ಹರಳುಗಳ ಭಾರಕ್ಕೆ ಪದರ ಜಾರಿ, ಕೆಳಗಿನ ಸೂಕ್ಷ್ಮ ರೋಮಗಳು ಬಾಗುತ್ತವೆ. ಆ ಸಂಕೇತ ಮಿದುಳುಕಾಂಡಕ್ಕೆ ಹೋಗುತ್ತದೆ. ಉಸಿರು, ರಕ್ತದೊತ್ತಡ, ಹೃದಯಬಡಿತಗಳನ್ನು ನೋಡಿಕೊಳ್ಳುವ ಕೇಂದ್ರಗಳು ಇರುವುದೂ ಅಲ್ಲಿಯೇ. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಜೀನ್ ಏರ್ಸ್ 1970ರ ದಶಕದಲ್ಲಿ, ಇಂಥ ಸಂವೇದನೆಗಳನ್ನು ಮಿದುಳು ಸರಿಯಾಗಿ ಹೊಂದಿಸಿಕೊಳ್ಳಲಾಗದ ಮಕ್ಕಳಿಗೆ ಜಿಗಿತ, ಉಯ್ಯಾಲೆಗಳಿಂದ ಸಹಾಯವಾಗುತ್ತದೆ ಎಂಬ ವಾದ ಮಂಡಿಸಿದರು. ಚಿಕಿತ್ಸಾ ಕೊಠಡಿಗಳಲ್ಲಿ ಟ್ರ್ಯಾಂಪೊಲಿನ್ ಕಾಣಿಸುವುದು ಈ ಪರಂಪರೆಯಿಂದ. ಆಟಿಸಂ ಇರುವ ಅನೇಕ ಮಕ್ಕಳು ಜಿಗಿತವನ್ನು ತಾವಾಗಿಯೇ ಹುಡುಕಿಕೊಳ್ಳುತ್ತಾರೆ. ಈ ಚಿಕಿತ್ಸೆಯ ಪುರಾವೆ ಇನ್ನೂ ಸೀಮಿತ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದೆ. ಹಾಗಾಗಿ ಚಾಪೆ ತಂದುಕೊಟ್ಟು ಮಗುವಿನ ಬೇರೆ ಥೆರಪಿಗಳನ್ನು ಬಿಡಿಸುವುದು ಸಲ್ಲದು.

ಇಲ್ಲಿ ಇನ್ನೊಂದು ಮಾತನ್ನು ಸರಿಪಡಿಸಬೇಕು. ‘ನಾಸಾ ಪ್ರಕಾರ ಓಟಕ್ಕಿಂತ ಟ್ರ್ಯಾಂಪೊಲಿನ್ ಶೇ 68 ಉತ್ತಮ’ ಎಂಬ ವಾಕ್ಯ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದರ ಮೂಲ 1980ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಫಿಸಿಯಾಲಜಿ’ಯಲ್ಲಿ ಬಂದ, ಅಮಿತ್ ಭಟ್ಟಾಚಾರ್ಯ ಮತ್ತು ಸಂಗಡಿಗರ ಪ್ರಬಂಧ. ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ಸೊರಗುವ ದೇಹಕ್ಕೆ ಯಾವ ವ್ಯಾಯಾಮ ಒಳ್ಳೆಯದೆಂಬುದು ಅವರ ಹುಡುಕಾಟ. ಎಂಟು ಯುವಕರ ಹಿಮ್ಮಡಿಗಂಟು, ಬೆನ್ನು, ಹಣೆಗೆ ಮಾಪಕ ಕಟ್ಟಿ ನೋಡಿದರು. ಓಡುವಾಗ ಹಿಮ್ಮಡಿಗಂಟಿಗೆ ಬೀಳುವ ಹೊಡೆತ ಬೆನ್ನು, ಹಣೆಗಳದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಟ್ರ್ಯಾಂಪೊಲಿನ್ ಮೇಲೆ ಮೂರು ಕಡೆಯೂ ಹೆಚ್ಚುಕಡಿಮೆ ಸಮ. ಆಕ್ಸಿಜನ್ ಬಳಕೆ ಒಂದೇ ಇದ್ದಾಗ ದೇಹ ಅನುಭವಿಸುವ ಯಾಂತ್ರಿಕ ಪ್ರಚೋದನೆ ಜಿಗಿತದಲ್ಲಿ ಹೆಚ್ಚು ಎಂಬುದು ಅವರ ತೀರ್ಮಾನ. ಕೊಬ್ಬು ಶೇ 68 ಹೆಚ್ಚು ಕರಗುತ್ತದೆ ಎಂದು ಅದರಲ್ಲಿಲ್ಲ. ಅವರು ಬಳಸಿದ್ದೂ ಹಾಲ್‌ನ ಮೂಲೆಯ ಪುಟ್ಟ ಚಾಪೆಯನ್ನಲ್ಲ.

ಅಪಾಯಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳಿರುವ ಮನೆಗೆ ತರುವ ವಸ್ತು ಇದು. ಮನೆಯ ಟ್ರ್ಯಾಂಪೊಲಿನ್‌ಗಳನ್ನೇ ಮೇಲೆ ಹೇಳಿದ ಮಕ್ಕಳ ವೈದ್ಯರ ಅಕಾಡೆಮಿ ಒಪ್ಪುವುದಿಲ್ಲ. ಅವರ ಪ್ರಕಾರ ಗಾಯಗಳ ಮುಕ್ಕಾಲು ಪಾಲು ಆಗುವುದು ಒಂದೇ ಚಾಪೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಜಿಗಿದಾಗ, ಪೆಟ್ಟು ಬೀಳುವುದು ಹೆಚ್ಚಾಗಿ ಅವರಲ್ಲಿ ಚಿಕ್ಕವರಿಗೆ. ಆರು ವರ್ಷದೊಳಗಿನ ಮಕ್ಕಳ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದೂ ಉಂಟು. ಅಣ್ಣ ತಂಗಿಯನ್ನು ಒಟ್ಟಿಗೆ ಹತ್ತಿಸಬಾರದು, ಎಷ್ಟು ಗೋಗರೆದರೂ.

ನಮ್ಮ ಮನೆಗಳಿಗೆ ಇನ್ನೊಂದು ಅಪಾಯವಿದೆ, ಅದು ವಿದೇಶಿ ಸೂಚನಾಪತ್ರದಲ್ಲಿ ಇರುವುದಿಲ್ಲ. ಸೀಲಿಂಗ್ ಫ್ಯಾನು. ಫ್ಯಾನಿನ ರೆಕ್ಕೆ ನೆಲದಿಂದ ಸುಮಾರು ಎಂಟು ಅಡಿ ಮೇಲಿರುತ್ತದೆ. ಐದೂವರೆ ಅಡಿ ಎತ್ತರದವರು ಕೈ ಎತ್ತಿದರೆ ಬೆರಳು ಏಳು ಅಡಿಗೆ ಮುಟ್ಟುತ್ತದೆ. ಚಾಪೆಯ ಒಂಬತ್ತು ಇಂಚು, ಜಿಗಿತದ ಐದು ಇಂಚು ಸೇರಿಸಿ, ರೆಕ್ಕೆ ಬೆರಳಿಗೆ ತಾಗುತ್ತದೆ. ಚಾಪೆಯನ್ನು ಫ್ಯಾನಿನಿಂದ ದೂರ, ಗೋಡೆಯ ಚೂಪು ಮೂಲೆಗಳಿಂದಲೂ ದೂರ ಇಡಬೇಕು. ಇದಲ್ಲದೆ ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ. ನಮ್ಮ ಕರಾವಳಿಯಲ್ಲಿ ಸ್ಪ್ರಿಂಗಿನ ಕೊಕ್ಕೆ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿನಲ್ಲೇ ಮೊದಲು ಕಂದು ಪುಡಿ ಕಾಣುತ್ತದೆ, ಸ್ಪ್ರಿಂಗು ತುಂಡಾಗುವುದೂ ಆ ಬಾಗಿನಲ್ಲೇ. ತಿಂಗಳಿಗೊಮ್ಮೆ ಅಂಚಿನ ಬಟ್ಟೆ ಎತ್ತಿ ನೋಡಬೇಕು. ರಬ್ಬರ್ ಹಗ್ಗದ ಮಾದರಿಗೆ ತುಕ್ಕಿಲ್ಲ, ಕೆಳಗಿನ ಫ್ಲ್ಯಾಟಿನವರಿಗೆ ಸದ್ದೂ ಕಡಿಮೆ.

ಗರ್ಭಿಣಿಯರು, ಮೂಳೆ ಸವೆದವರು, ಕಣ್ಣಿನ ಅಕ್ಷಿಪಟಲದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹತ್ತಬಾರದು. ಒಳಕಿವಿಯ ಆ ಹರಳುಗಳು ಜಾಗ ತಪ್ಪಿ ತಲೆ ಸುತ್ತುವ ಕಾಯಿಲೆ ಇದ್ದವರೂ ಅಷ್ಟೇ. ಹೆಂಗಸರು ಸಂಕೋಚದಿಂದ ಹೇಳಿಕೊಳ್ಳದ ಒಂದು ತೊಂದರೆಯಿದೆ, ಜಿಗಿದಾಗ ಮೂತ್ರ ಸೋರುವುದು. ಸ್ವೀಡನ್ನಿನ 35 ಟ್ರ್ಯಾಂಪೊಲಿನ್ ಕ್ರೀಡಾಪಟು ಹುಡುಗಿಯರನ್ನು ಕೇಳಿದ 2002ರ ಅಧ್ಯಯನದಲ್ಲಿ 28 ಮಂದಿ ತರಬೇತಿಯ ವೇಳೆ ಹೀಗಾಗುತ್ತದೆ ಎಂದಿದ್ದರು. ಹೆರಿಗೆಯೇ ಆಗದ ಗಟ್ಟಿ ಮೈಯವರಿಗೇ ಹಾಗಾದರೆ ಬಾಣಂತನ ಮುಗಿಸಿದವರಿಗೆ ಆಗುವುದರಲ್ಲಿ ನಾಚಿಕೆಪಡುವಂಥದೇನಿಲ್ಲ. ಫಿಸಿಯೋಥೆರಪಿಯಿಂದ ಇದು ಸುಧಾರಿಸುತ್ತದೆ.

ಚಾಪೆಯ ಮೇಲೆ ಐದರಿಂದ ಹತ್ತು ನಿಮಿಷ ಸಾಕು. ಮಾತನಾಡಲು ಆಗುವಷ್ಟೇ ವೇಗ, ಬೇಕಿದ್ದರೆ ಹಾಡು ಹಾಕಿಕೊಂಡು. ಕೊನೆಯ ಎರಡು ನಿಮಿಷ ಕಾಲೆತ್ತದೆ ಬರೀ ತೂಗಾಟ. ಹೃದಯ ಇಳಿದಾರಿ ಹಿಡಿಯುವುದು ಆಗಲೇ, ಅದನ್ನು ಬಿಟ್ಟು ನೇರ ಮೊಬೈಲ್ ಕೈಗೆತ್ತಿಕೊಂಡರೆ ಅರ್ಧ ಫಲ ಹೋಯಿತು. ತಿಂಗಳುಗಟ್ಟಲೆ ನಿದ್ದೆ ಬಾರದೆ, ಓದಲಾಗದೆ, ಎದೆ ಹಾರುತ್ತಲೇ ಇದ್ದರೆ ಅದು ಚಾಪೆಯಿಂದ ತೀರುವ ಚಡಪಡಿಕೆಯಲ್ಲ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಚಾಪೆಯಿಂದ ಇಳಿದ ತಕ್ಷಣ ಕಾಲು ಭಾರವಾದಂತೆ, ನೆಲ ಕಲ್ಲಾದಂತೆ ಅನಿಸುತ್ತದೆ. ಸ್ಪೇನಿನ ಸಂಶೋಧಕರು 2010ರಲ್ಲಿ ಇದನ್ನೂ ಅಳೆದಿದ್ದಾರೆ: ಮೆತ್ತನೆಯ ಚಾಪೆಗೆ ಹೊಂದಿಕೊಂಡ ಮಿದುಳು ಗಟ್ಟಿ ನೆಲದಲ್ಲೂ ಅದೇ ಲೆಕ್ಕ ಹಾಕಿ, ಮೊದಲ ಜಿಗಿತದಲ್ಲಿ ತಪ್ಪುತ್ತದೆ. ಕೆಲವೇ ಹೊತ್ತಿನಲ್ಲಿ ಸರಿಯಾಗುತ್ತದೆ. ಅಷ್ಟರವರೆಗೆ ಗೋಡೆ ಹಿಡಿದು ನಿಲ್ಲಿ, ಮಳೆನೀರು ಬಿದ್ದ ಮೆಟ್ಟಿಲಿಗೆ ಕಾಲಿಡಬೇಡಿ.