ಉಪವಾಸದ ಮರುದಿನದ ಸಕ್ಕರೆ

ಧಾರವಾಡದಿಂದ ಪುಣೆಗೆ ನಮ್ಮಲ್ಲಿಗೆ ಬಂದಿದ್ದ ತಾಯಿಯವರಿಗೆ ಮಧುಮೇಹ. ಏಕಾದಶಿಯ ಮರುದಿನ ಬೆಳಗ್ಗೆ ರಕ್ತಪರೀಕ್ಷೆ ಮಾಡಿದರೆ ಸಕ್ಕರೆ 160! ಆರೋಗ್ಯವಂತರಿಗೆ ಬರಿಹೊಟ್ಟೆಯಲ್ಲಿ ಅದು 100ರೊಳಗಿರಬೇಕು.

“ಅವ್ವಾ, ಯಾರಿಗೂ ಕಾಣದ್ಹಂಗ ಏನ ತಿಂದಿ?” ಎಂದು ಕೇಳಿಬಿಟ್ಟೆ. ಅವರು ಮಾತಾಡದೆ ಎದ್ದು ಅಡಿಗೆಮನೆಗೆ ಹೋದರು. ಆ ಮಾತಿನ ಪ್ರಾಯಶ್ಚಿತ್ತಕ್ಕಾಗಿ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ನನ್ನಂತಹ ಗುಮಾಸ್ತನಿಗೆ ಜೀವಕೋಶವೂ ಒಂದು ಕಚೇರಿಯಂತೆಯೇ ಕಾಣುತ್ತದೆ. ಅದರ ಕೋಶಕೇಂದ್ರದಲ್ಲಿ ಜೀನುಗಳೆಂಬ ಕಡತಗಳಿವೆ. ಎಲ್ಲವೂ ಒಮ್ಮೆಗೇ ತೆರೆದಿರುವುದಿಲ್ಲ; ಹೊರಗಿನಿಂದ ಬಂದ ಟಪಾಲಿಗೆ ತಕ್ಕಂತೆ ಬೇಕಾದುದು ತೆರೆಯುತ್ತದೆ.

ಹೊಟ್ಟೆ ಖಾಲಿಯಾದಾಗ ಮೇದೋಜೀರಕ ಗ್ರಂಥಿಯು ಗ್ಲೂಕಗಾನ್ ಎಂಬ ಹಾರ್ಮೋನನ್ನು ಕಳುಹಿಸುತ್ತದೆ. ಅದು ಯಕೃತ್ತಿನ ಜೀವಕೋಶದೊಳಗೆ ಹೋಗುವುದಿಲ್ಲ. ಬಾಗಿಲಲ್ಲಿರುವ ಗ್ರಾಹಕ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಒಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಪುಟ್ಟ ಜವಾನ ಹುಟ್ಟುತ್ತಾನೆ. ಇವನನ್ನು 1950ರ ದಶಕದಲ್ಲಿ ಕಂಡುಹಿಡಿದ ಅಮೆರಿಕದ ಅರ್ಲ್ ಸದರ್ಲೆಂಡರಿಗೆ 1971ರಲ್ಲಿ ನೊಬೆಲ್ ಬಹುಮಾನ ಬಂದಿತು. ಜವಾನನು ಒಂದು ಕಿಣ್ವವನ್ನು ಎಬ್ಬಿಸುತ್ತಾನೆ. ಆ ಕಿಣ್ವವು ಕೋಶಕೇಂದ್ರಕ್ಕೆ ಹೋಗಿ ಕ್ರೆಬ್ ಎಂಬ ಪ್ರೋಟೀನಿಗೆ ಫಾಸ್ಫೇಟಿನ ಮೊಹರು ಒತ್ತುತ್ತದೆ. ಮೊಹರು ಬಿದ್ದಮೇಲೆ ಸಕ್ಕರೆ ತಯಾರಿಸುವ ಕಿಣ್ವಗಳ ಜೀನುಗಳು ಕೆಲಸಕ್ಕೆ ತೊಡಗುತ್ತವೆ. ಯಕೃತ್ತು ತಾನೇ ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉಪವಾಸದಲ್ಲಿಯೂ ಮೆದುಳಿಗೆ ಆಹಾರ ತಪ್ಪದಿರುವುದು ಈ ಏರ್ಪಾಡಿನಿಂದ.

ಇದಕ್ಕೆ ತಡೆಯಾಜ್ಞೆ ತರುವುದು ಇನ್ಸುಲಿನ್. ಅದರ ಆಜ್ಞೆ ಮುಟ್ಟಿದರೆ, ಈ ಜೀನುಗಳನ್ನು ನಡೆಸುವ ಫಾಕ್ಸೋ ಎಂಬ ಮತ್ತೊಂದು ಪ್ರೋಟೀನು ಕೋಶಕೇಂದ್ರವನ್ನು ಬಿಟ್ಟು ಹೊರಬೀಳುತ್ತದೆ, ಕಡತ ಮುಚ್ಚುತ್ತದೆ. ಆದರೆ ಎರಡನೆಯ ಬಗೆಯ ಮಧುಮೇಹದಲ್ಲಿ ಯಕೃತ್ತು ಈ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಊಟವಿಲ್ಲದ ರಾತ್ರಿಯೂ ಸಕ್ಕರೆಯ ತಯಾರಿಕೆ ಮಿತಿಮೀರಿ ನಡೆಯುತ್ತದೆ. ವೈದ್ಯರು ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಮುಖ್ಯವಾಗಿ ಈ ತಯಾರಿಕೆಯನ್ನೇ ತಗ್ಗಿಸುತ್ತದೆ.

ಆದುದರಿಂದ, ಮನೆಯ ಹಿರಿಯರ ಬೆಳಗಿನ ಸಕ್ಕರೆ ಏರಿದ್ದರೆ ಉಂಡೆಯ ಡಬ್ಬಿಯನ್ನು ಎಣಿಸಲು ಹೋಗಬೇಡಿ. ಮಧುಮೇಹವಿದ್ದವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳುವುದೂ ಅವಶ್ಯ. ಗುಳಿಗೆ ಇನ್ಸುಲಿನ್‌ಗಳ ಅಳತೆ ಬದಲಾಗಬೇಕಾದೀತು.

ಇದನ್ನೆಲ್ಲ ತಾಯಿಯವರಿಗೆ ವಿವರಿಸಿದೆ. ಕೊನೆಯವರೆಗೆ ಕೇಳಿ ಒಂದೇ ಮಾತು ಕೇಳಿದರು: “ಹಂಗಾರ ನನ್ನ ಉಪಾಸ ಕೆಟ್ಟಿರಲಿಲ್ಲ, ಹೌದಲ್ಲೋ?”

“ಕೆಟ್ಟಿರಲಿಲ್ಲವ್ವಾ,” ಎಂದೆ. ಕೆಟ್ಟದ್ದು ನನ್ನ ಮಾತು.