ಕಪ್ಪು ಗಾಜು ತಂಪು ಗಾಜೇ?

ಪ್ರಶ್ನೆ: ಕಾರಿನ ಗಾಜಿಗೆ ಟಿಂಟ್ ಫಿಲಂ ಹಾಕಿಸಬಹುದೆ? ಎಷ್ಟು ಕಪ್ಪಗಿರಬಹುದು? – ಓದುಗರು, ಬೈರಮಂಗಲ

ಕಪ್ಪಾದಷ್ಟೂ ತಂಪು ಎಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಅಗ್ಗದ ಕಪ್ಪು ಫಿಲಂ ಬೆಳಕನ್ನು ಹೀರಿ ತಾನೇ ಕಾಯುತ್ತದೆ, ಆ ಬಿಸಿಯಲ್ಲಿ ಒಂದು ಪಾಲು ಒಳಕ್ಕೇ ಬರುತ್ತದೆ. ಅವಕೆಂಪನ್ನು ತಡೆಯುವ ಫಿಲಂ ಹೆಚ್ಚುಕಡಿಮೆ ಬಿಳಿ ಗಾಜಿನಂತೆಯೇ ಕಾಣಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಕೇಳುವುದೂ ಬೆಳಕನ್ನೇ: ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಹಾಯಬೇಕು. ಅಂಗಡಿಯವರು ‘ಐವತ್ತರ ಫಿಲಂ, ಲೀಗಲ್ ಸಾರ್’ ಎಂದರೆ ಲೆಕ್ಕ ಹಾಕಿ ನೋಡಿ. ಗಾಜೇ ಶೇ. 75 ಬಿಡುವುದಾದರೆ ಎರಡೂ ಸೇರಿ ಉಳಿಯುವುದು ಮೂವತ್ತೇಳೂವರೆ!

ಅಷ್ಟಕ್ಕೂ, 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಫಿಲಂ ಅಂಟಿಸುವುದನ್ನೇ ನಿಷೇಧಿಸಿತು. ಕಾರ್ಖಾನೆಯಲ್ಲೇ ಬಣ್ಣ ಬೆರೆತ ಗಾಜು ಶೇ. 70, ಶೇ. 50ರ ಅಳತೆಗೆ ಒಪ್ಪುವುದಾದರೆ ಅಡ್ಡಿಯಿಲ್ಲ. ನಿಮ್ಮ ನೆರೆಯ ಬಿಡದಿಯಲ್ಲಿ ತಯಾರಾಗುವ ಕಾರುಗಳಿಗೂ ಇದೇ ಅಳತೆ. ‘ಕೇರಳದಲ್ಲಿ ಬಿಟ್ಟಿದ್ದಾರಲ್ಲ?’ ಎನ್ನುವವರಿದ್ದಾರೆ. ನಿಜ, ನಿಯಮ ತಿದ್ದುಪಡಿಯಾದ ಮೇಲೆ, ಬೆಳಕಿನ ಮಿತಿ ಮೀರದ ಫಿಲಂಗೆ ದಂಡ ಹಾಕುವಂತಿಲ್ಲ ಎಂದು 2024ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಆದರೆ ಆ ತೀರ್ಪು ಕರ್ನಾಟಕದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ಒಳಗಿನವರು ಕಾಣದಂತೆ ಮರೆ ಬೇಕೆನ್ನುವ ವಾದವೂ ಹಗಲಿಗಷ್ಟೇ ಸರಿ. ಬೀದಿದೀಪವಿಲ್ಲದ ಊರದಾರಿಯಲ್ಲಿ ರಾತ್ರಿ ತಿರುವು ತೆಗೆದುಕೊಳ್ಳುವಾಗ, ಲೈಟಿಲ್ಲದ ಸೈಕಲ್ ಕಾಣಬೇಕಾದದ್ದು ಆ ಪಕ್ಕದ ಗಾಜಿನಲ್ಲೇ.